ರೂಬಿಯಲ್ಲಿ ಫೇಲ್ ಆದ ಯುನಿಟ್ ಟೆಸ್ಟ್: ಯಾವುದು ಮೊದಲು, ಯಾವುದು ಆಮೇಲೆ

ಭಾನುವಾರ ಬೆಳಿಗ್ಗೆ ರಾಜಾಜಿನಗರದ ನಮ್ಮ ಮನೆ ಹಾಲ್‌ನಲ್ಲಿ ನಾಲ್ಕೈದು ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಹಿಡಿದು ಕೂರುತ್ತಾರೆ. ಎಲ್ಲರೂ ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿರುವವರು. ಕೆಲವರಿಗೆ ಕೆಲಸ ಸಿಕ್ಕಿದೆ, ಕೆಲವರು ಹುಡುಕುತ್ತಿದ್ದಾರೆ. ಕೋಡ್ ಚೆನ್ನಾಗೇ ಬರೆಯುತ್ತಾರೆ. ಟೆಸ್ಟ್, ಅಂದರೆ ಆ ಕೋಡ್ ಸರಿ ಇದೆಯಾ ಅಂತ ನೋಡುವ ಪುಟ್ಟ ಕೋಡ್, ಫೇಲ್ ಆಗಿ ಕೆಂಪಾದಾಗ (ಪಾಸಾದರೆ ಹಸಿರು) ಮಾತ್ರ ಎಲ್ಲರೂ ಒಂದೇ ಜಾಗದಲ್ಲಿ ಎಡವುತ್ತಾರೆ. ಮೆಸೇಜ್ ಓದುವ ಮೊದಲೇ ಕೈ ಕೀಬೋರ್ಡ್ ಮೇಲೆ ಹೋಗಿರುತ್ತದೆ. ಒಂದು ಸಾಲು ಬದಲಿಸಿ ರನ್, ಇನ್ನೊಂದು ಬದಲಿಸಿ ರನ್. ಅರ್ಧ ಗಂಟೆ ಆಗುವಷ್ಟರಲ್ಲಿ ಹಳೆಯ ತಪ್ಪಿನ ಜೊತೆ ಹೊಸದಾಗಿ ಮೂರು ತಪ್ಪು ಸೇರಿಕೊಂಡಿರುತ್ತವೆ. ಆಮೇಲೆ "ಅಕ್ಕಾ, ಏನ್ ಮಾಡಿದ್ರೂ ಆಗ್ತಿಲ್ಲ" ಅಂತ ಲ್ಯಾಪ್‌ಟಾಪ್ ನನ್ನ ಕಡೆ ತಿರುಗುತ್ತದೆ.

ಅವರಿಗೆ ರೂಬಿ ಗೊತ್ತಿದೆ. ಯಾವ ಕೆಲಸ ಮೊದಲು ಮಾಡಬೇಕು ಅನ್ನುವುದನ್ನು ಯಾರೂ ಕೂರಿಸಿಕೊಂಡು ಹೇಳಿಲ್ಲ. ಈ ಬರಹ ಅದಕ್ಕೇ. ಹಂತ 3 ಬೇರೆ ಕಡೆ ಕಳಿಸದ ಹೊರತು ಹಂತಗಳನ್ನು ಕೊಟ್ಟಿರುವ ಸರದಿಯಲ್ಲೇ ಮಾಡಿ. ಮಧ್ಯೆ ಒಂದನ್ನು ಹಾರಿದರೆ ಮುಂದಿನದು ದಾರಿ ತಪ್ಪಿಸುತ್ತದೆ.

ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ.

## ಮೊದಲು ಬೇಕಾದ ಸಾಮಾನು

ಟೆಸ್ಟ್ ಬರೆಯಲು ಮಿನಿಟೆಸ್ಟ್ ಅಥವಾ ಆರ್‌ಸ್ಪೆಕ್, ಎರಡರಲ್ಲಿ ಒಂದು ನಿಮ್ಮ ಪ್ರಾಜೆಕ್ಟ್‌ನಲ್ಲಿ ಇದ್ದೇ ಇರುತ್ತದೆ. ಅದರ ಜೊತೆಗೆ, ಕೋಡ್ ಬದಲಾವಣೆಗಳ ದಾಖಲೆ ಇಡುವ ಗಿಟ್ ಬೇಕು. ಕೋಡನ್ನು ಮಧ್ಯೆ ನಿಲ್ಲಿಸಿ ಒಳಗೆ ನೋಡುವ ಡಿಬಗರ್‌ಗಾಗಿ ಹುಡುಕಾಡಬೇಕಿಲ್ಲ. ರೂಬಿ 3.1ರಿಂದ 'ಡಿಬಗ್' ಜೆಮ್ (ಜೆಮ್ ಅಂದರೆ ರೂಬಿಯ ಲೈಬ್ರರಿ) ರೂಬಿ ಜೊತೆಗೇ ಬರುತ್ತದೆ. 'ಬೈಂಡಿಂಗ್.ಐಆರ್‌ಬಿ' ಅದಕ್ಕಿಂತ ಹಳೆಯದು, 2.4ರಿಂದಲೇ ಇದೆ.

ಇನ್ನೊಂದು ಬೇಕು: ಒಂದು ನೋಟ್‌ಬುಕ್ಕು, ಪೆನ್ನು. ಯಾಕೆ ಅಂತ ಹಂತ 6ರಲ್ಲಿ ಹೇಳುತ್ತೇನೆ.

## ಹಂತ 1: ಕೋಡ್ ಮುಟ್ಟಬೇಡಿ, ಮೆಸೇಜ್ ಓದಿ

ಕೆಂಪು ಅಂದರೆ ಎಲ್ಲ ಒಂದೇ ಅಲ್ಲ. ಮಿನಿಟೆಸ್ಟ್ ಎರಡು ಬಗೆಯ ಅಕ್ಷರ ತೋರಿಸುತ್ತದೆ. 'ಎಫ್' ಅಂದರೆ ಫೇಲ್ಯೂರ್: ಕೋಡ್ ಓಡಿತು, ಆದರೆ ಬಂದ ಉತ್ತರ ನೀವು ಹೇಳಿದ್ದಲ್ಲ. 'ಇ' ಅಂದರೆ ಎರರ್: ಉತ್ತರ ಬರುವ ಮೊದಲೇ ಕೋಡ್ ಮುರಿದುಬಿತ್ತು. ಎಫ್ ಆದರೆ ಲೆಕ್ಕ ತಪ್ಪಿದೆ ಅಂತ ಹುಡುಕಬೇಕು. ಇ ಆದರೆ ಯಾವುದೋ ವಸ್ತು ಇರಬೇಕಾದಲ್ಲಿ ಇಲ್ಲ ಅಂತ ಹುಡುಕಬೇಕು. ಆರ್‌ಸ್ಪೆಕ್ ಎರಡಕ್ಕೂ ಎಫ್ ಅಂತಲೇ ತೋರಿಸುತ್ತದೆ, ಹಾಗಾಗಿ ಕೆಳಗಿನ ವಿವರ ಓದಿ ನೀವೇ ಬೇರೆ ಮಾಡಿಕೊಳ್ಳಬೇಕು.

ಎರರ್‌ಗಳಲ್ಲಿ ಜಾಸ್ತಿ ಕಾಣುವುದು 'ನೋಮೆಥಡ್‌ಎರರ್', ಅದರಲ್ಲೂ ನಿಲ್ (ಏನೂ ಇಲ್ಲ ಎಂಬ ಮೌಲ್ಯ) ಮೇಲೆ ಯಾವುದೋ ಮೆಥಡ್ ಕರೆದದ್ದು. ಇಲ್ಲಿ ಆ ಮೆಥಡ್‌ನದು ಏನೂ ತಪ್ಪಿರುವುದಿಲ್ಲ. ಅದರ ಎಡಗಡೆ ಇದ್ದದ್ದು ಯಾಕೆ ನಿಲ್ ಆಯಿತು ಅಂತ ಕೇಳಿ. ಅಲ್ಲೊಂದು ಸೇಫ್ ನ್ಯಾವಿಗೇಷನ್ ಚಿಹ್ನೆ (&., ನಿಲ್ ಆದರೆ ಮೆಥಡ್ ಕರೆಯದೆ ಬಿಡುವಂಥದ್ದು) ಸೇರಿಸಿ ಮೆಸೇಜ್ ಬಾಯಿ ಮುಚ್ಚಿಸಿದರೆ ನಿಲ್ ಇನ್ನೂ ನಾಲ್ಕು ಮೆಥಡ್ ದಾಟಿ ಬೇರೆಲ್ಲೋ ಸಿಡಿಯುತ್ತದೆ. ಅಲ್ಲಿಂದ ಹಿಂದಕ್ಕೆ ಹುಡುಕಿಕೊಂಡು ಬರುವುದು ತುಂಬಾ ಕಷ್ಟ.

ಫೇಲ್ಯೂರ್ ಆದರೆ 'ಎಕ್ಸ್‌ಪೆಕ್ಟೆಡ್' ಮತ್ತು 'ಆಕ್ಚುವಲ್' ಎರಡನ್ನೂ ಬಾಯಿಬಿಟ್ಟು ಓದಿ. ಆರ್‌ಸ್ಪೆಕ್‌ನಲ್ಲಿ ಎರಡನೆಯದಕ್ಕೆ 'ಗಾಟ್' ಅಂತ ಬರುತ್ತದೆ. 5 ಬೇಕಿತ್ತು, ಉದ್ಧರಣ ಚಿಹ್ನೆಯ ಒಳಗೆ "5" ಬಂದಿದೆ ಅಂದರೆ ಒಂದು ಸಂಖ್ಯೆ, ಇನ್ನೊಂದು ಸ್ಟ್ರಿಂಗ್ (ಪಠ್ಯ). ಆ ಎರಡು ಪುಟ್ಟ ಚಿಹ್ನೆಯೇ ಇಡೀ ಉತ್ತರ.

ಸಾಮಾನ್ಯ ತಪ್ಪು: 'ಅಸರ್ಟ್_ಈಕ್ವಲ್'ಗೆ ಮೊದಲು ಕೊಡಬೇಕಾದದ್ದು ನಿಮಗೆ ಬೇಕಾದ ಉತ್ತರ, ಆಮೇಲೆ ಕೋಡ್ ಕೊಟ್ಟ ಉತ್ತರ. ಇದನ್ನು ಅದಲು ಬದಲು ಬರೆದವರು ತುಂಬಾ ಜನ. ಟೆಸ್ಟ್ ಹಸಿರಾಗಿದ್ದಷ್ಟು ದಿನ ಗೊತ್ತೇ ಆಗುವುದಿಲ್ಲ. ಕೆಂಪಾದ ದಿನ ಮೆಸೇಜ್ ತಲೆಕೆಳಗಾಗಿ ಬರುತ್ತದೆ, ನೀವು ಸರಿ ಇರುವ ಸಂಖ್ಯೆಯನ್ನೇ ತಪ್ಪು ಅಂದುಕೊಳ್ಳುತ್ತೀರಿ. ಮೆಸೇಜ್ ಓದುವ ಮುಂಚೆ ಆ ಸಾಲನ್ನು ಒಮ್ಮೆ ನೋಡಿಬಿಡಿ.

ನೀವೇ ಬರೆದ ಕ್ಲಾಸ್‌ನ ಎರಡು ಆಬ್ಜೆಕ್ಟ್ ಹೋಲಿಸುತ್ತಿದ್ದರೆ ಮಿನಿಟೆಸ್ಟ್ ಕೆಲವೊಮ್ಮೆ 'ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ' ಎಂಬ ಅರ್ಥದ ಸಾಲು ಕೊಡುತ್ತದೆ. ಅದರಲ್ಲೇ ಸುಳಿವಿದೆ: ಆ ಕ್ಲಾಸ್‌ನಲ್ಲಿ == ಏನು ಮಾಡಬೇಕು ಅಂತ ನೀವು ಬರೆದಿಲ್ಲ. ಬರೆಯದಿದ್ದರೆ ರೂಬಿ ಎರಡೂ ಒಂದೇ ಆಬ್ಜೆಕ್ಟೇ ಅಂತ ಮಾತ್ರ ನೋಡುತ್ತದೆ. ಒಳಗಿನ ಹೆಸರು, ಸಂಖ್ಯೆ ಎಲ್ಲ ಹೊಂದಿದರೂ ಬೇರೆ ಅನ್ನುತ್ತದೆ.

## ಹಂತ 2: ಬ್ಯಾಕ್‌ಟ್ರೇಸ್‌ನಲ್ಲಿ ನಿಮ್ಮ ಫೈಲ್ ಹುಡುಕಿ

ಬ್ಯಾಕ್‌ಟ್ರೇಸ್, ಅಂದರೆ ಕೋಡ್ ಯಾವ ಯಾವ ಸಾಲು ದಾಟಿ ಅಲ್ಲಿಗೆ ಬಂತು ಎಂಬ ಪಟ್ಟಿ, ಉದ್ದ ಇದೆ ಅಂತ ಹೆದರಬೇಡಿ. ಮೇಲಿಂದ ಕೆಳಗೆ ಬನ್ನಿ, ಜೆಮ್‌ಗಳ ಸಾಲು ಬಿಟ್ಟು ನಿಮ್ಮ ಪ್ರಾಜೆಕ್ಟ್ ಫೋಲ್ಡರ್‌ನ ಮೊದಲ ಸಾಲಿನಲ್ಲಿ ನಿಲ್ಲಿ. ಫೈಲ್ ಹೆಸರು, ಕೋಲನ್, ಸಾಲಿನ ಸಂಖ್ಯೆ ಅಲ್ಲಿರುತ್ತದೆ. ಆ ಸಾಲನ್ನು ಎಡಿಟರ್‌ನಲ್ಲಿ ತೆಗೆದಿಡಿ, ಬದಲಿಸಬೇಡಿ.

ಆರ್‌ಸ್ಪೆಕ್ ಜೆಮ್‌ಗಳ ಸಾಲನ್ನು ತಾನೇ ಬಚ್ಚಿಡುತ್ತದೆ. ತಪ್ಪು ನಿಜಕ್ಕೂ ಜೆಮ್ ಒಳಗೆ ನಡೆಯುತ್ತಿದೆ ಅನ್ನಿಸಿದರೆ '-ಬಿ' ಸೇರಿಸಿ ರನ್ ಮಾಡಿ, ಪೂರ್ತಿ ಕಾಣುತ್ತದೆ.

## ಹಂತ 3: ಆ ಒಂದನ್ನೇ ರನ್ ಮಾಡಿ, ಮೂರು ಸಲ

ಇನ್ನೂರು ಟೆಸ್ಟ್ ಜೊತೆ ಹೋರಾಡಬೇಡಿ. ಆರ್‌ಸ್ಪೆಕ್ ಕೊನೆಯಲ್ಲಿ ಫೇಲ್ ಆದ ಪ್ರತಿಯೊಂದಕ್ಕೂ ಫೈಲ್ ಹೆಸರು, ಸಾಲಿನ ಸಂಖ್ಯೆ ಸೇರಿಸಿ ಕಮಾಂಡ್ ಬರೆದೇ ಕೊಡುತ್ತದೆ. ಅದನ್ನು ಕಾಪಿ ಮಾಡಿ, ಮುಂದೆ 'ಬಂಡಲ್ ಎಕ್ಸೆಕ್' ಸೇರಿಸಿ. ಮಿನಿಟೆಸ್ಟ್ ಆದರೆ ಟೆಸ್ಟ್ ಫೈಲನ್ನು ರೂಬಿಯಿಂದ ಓಡಿಸಿ, ಕೊನೆಗೆ '-ಎನ್' ಹಾಕಿ ಟೆಸ್ಟ್ ಮೆಥಡ್‌ನ ಹೆಸರು ಕೊಡಿ. ರೈಲ್ಸ್ (ರೂಬಿಯ ವೆಬ್ ಫ್ರೇಮ್‌ವರ್ಕ್) ಪ್ರಾಜೆಕ್ಟ್‌ನಲ್ಲಿ 'ರೈಲ್ಸ್ ಟೆಸ್ಟ್' ಎಂದು ಬರೆದು ಫೈಲ್ ಹೆಸರು, ಕೋಲನ್, ಸಾಲಿನ ಸಂಖ್ಯೆ ಕೊಟ್ಟರೆ ಸಾಕು.

ಮೂರು ಸಲ ರನ್ ಮಾಡಿ, ಏನಾಯಿತು ಅಂತ ಬರೆದುಕೊಳ್ಳಿ. ಮುಂದಿನ ದಾರಿ ಇಲ್ಲಿ ಕವಲೊಡೆಯುತ್ತದೆ.

ಮೂರು ಸಲವೂ ಕೆಂಪಾದರೆ ಒಳ್ಳೆಯದೇ ಆಯಿತು, ತಪ್ಪು ಓಡಿಹೋಗುತ್ತಿಲ್ಲ. ಹಂತ 4ಕ್ಕೆ ಹೋಗಿ. ಒಂಟಿಯಾಗಿ ಹಸಿರು, ಎಲ್ಲದರ ಜೊತೆ ಕೆಂಪು ಅಂದರೆ ಬೇರೊಂದು ಟೆಸ್ಟ್ ಏನನ್ನೋ ಕೆಡಿಸಿ ಹೋಗುತ್ತಿದೆ. ಅದಕ್ಕೆ ಹಂತ 7. ಒಂಟಿಯಾಗಿದ್ದಾಗಲೇ ಒಮ್ಮೆ ಹಸಿರು ಒಮ್ಮೆ ಕೆಂಪು ಆದರೆ ಸಮಯ, ರ‍್ಯಾಂಡಮ್ ಸಂಖ್ಯೆ ಅಥವಾ ನೆಟ್‌ವರ್ಕ್ ಮೇಲೆ ಅನುಮಾನ ಪಡಿ. ಹಂತ 8 ನೋಡಿ.

ಎಚ್ಚರಿಕೆಯ ಗುರುತು: ಔಟ್‌ಪುಟ್‌ನಲ್ಲಿ '0 ರನ್ಸ್' ಅಥವಾ '0 ಎಕ್ಸಾಂಪಲ್ಸ್' ಅಂತ ಬಂದಿದ್ದರೆ ಏನೂ ಓಡಿಲ್ಲ. ಬಣ್ಣ ಹಸಿರಿದೆ ಅಂತ ಖುಷಿಪಡಬೇಡಿ. ಮಿನಿಟೆಸ್ಟ್‌ನಲ್ಲಿ ಮೆಥಡ್ ಹೆಸರು 'ಟೆಸ್ಟ್_' ಎಂದೇ ಶುರುವಾಗಬೇಕು. ಒಂದೇ ಕ್ಲಾಸ್‌ನಲ್ಲಿ ಒಂದೇ ಹೆಸರಿನ ಎರಡು ಟೆಸ್ಟ್ ಮೆಥಡ್ ಇದ್ದರೆ ಕೆಳಗಿನದು ಮೇಲಿನದನ್ನು ನುಂಗಿಬಿಡುತ್ತದೆ. ಕಾಪಿ ಪೇಸ್ಟ್ ಮಾಡಿ ಹೆಸರು ಬದಲಿಸಲು ಮರೆತವರಿಗೆ ಇದು ಆಗಾಗ ಆಗುತ್ತದೆ.

## ಹಂತ 4: ನಿನ್ನೆಯಿಂದ ಇವತ್ತಿಗೆ ಬದಲಾದದ್ದು ಏನು?

'ಗಿಟ್ ಡಿಫ್' ನೋಡಿ. ಆಮೇಲೆ 'ಗಿಟ್ ಸ್ಟ್ಯಾಶ್' ಮಾಡಿ ನಿಮ್ಮ ಬದಲಾವಣೆ ಪಕ್ಕಕ್ಕಿಟ್ಟು ಅದೇ ಟೆಸ್ಟ್ ಓಡಿಸಿ. ಈಗ ಹಸಿರಾದರೆ ತಪ್ಪು ನಿಮ್ಮ ಇವತ್ತಿನ ಸಾಲುಗಳಲ್ಲೇ ಇದೆ, ಹುಡುಕುವ ಜಾಗ ಒಂದು ಪುಟಕ್ಕೆ ಇಳಿಯಿತು. ಹೊಸದಾಗಿ ಸೇರಿಸಿದ, ಗಿಟ್‌ಗೆ ಇನ್ನೂ ಗೊತ್ತಿಲ್ಲದ ಫೈಲ್‌ಗಳು ಬರೀ ಸ್ಟ್ಯಾಶ್‌ನಿಂದ ಹೋಗುವುದಿಲ್ಲ, '-ಯು' ಕೂಡ ಕೊಡಬೇಕು. ಇದನ್ನು ಮರೆತು "ಸ್ಟ್ಯಾಶ್ ಮಾಡಿದ್ರೂ ಫೇಲ್ ಆಗ್ತಿದೆ" ಅಂತ ಗೊಂದಲಕ್ಕೆ ಬೀಳುವವರು ತುಂಬಾ ಜನ.

ಕಳೆದ ತಿಂಗಳು ಹಸಿರಿತ್ತು, ಯಾವಾಗ ಕೆಟ್ಟಿತು ಗೊತ್ತಿಲ್ಲ ಅನ್ನುವುದಾದರೆ 'ಗಿಟ್ ಬೈಸೆಕ್ಟ್' ಬಳಸಿ. ಸರಿ ಇದ್ದ ಒಂದು ಕಮಿಟ್ (ಗಿಟ್‌ನಲ್ಲಿ ಉಳಿಸಿಟ್ಟ ಬದಲಾವಣೆ), ಕೆಟ್ಟ ಒಂದು ಕಮಿಟ್ ಹೇಳಿದರೆ ಅದು ಪ್ರತಿ ಸಲ ಅರ್ಧ ಅರ್ಧ ಕತ್ತರಿಸುತ್ತಾ ಹೋಗುತ್ತದೆ. ಸಾವಿರ ಕಮಿಟ್ ಇದ್ದರೂ ಸುಮಾರು 10 ಸಲ ನೋಡಿದರೆ ಮುಗಿಯಿತು. 'ಬೈಸೆಕ್ಟ್ ರನ್' ಅಂತ ಟೆಸ್ಟ್‌ನ ಕಮಾಂಡ್ ಕೊಟ್ಟರೆ ಅಷ್ಟನ್ನೂ ಅದೇ ಮಾಡಿಕೊಳ್ಳುತ್ತದೆ, ನೀವು ಕಾಫಿ ಕುಡಿದು ಬರಬಹುದು.

ಕೋಡ್ ಬದಲಾಗಿಲ್ಲ, ಆದರೂ ಕೆಂಪು. ಆಗ ರೂಬಿಯ ಆವೃತ್ತಿ ಮತ್ತು ಜೆಮ್‌ಗಳ ಆವೃತ್ತಿ ಬರೆದಿರುವ ಜೆಮ್‌ಫೈಲ್.ಲಾಕ್ ನೋಡಿ. 2024ರ ಡಿಸೆಂಬರ್‌ನಲ್ಲಿ ಬಂದ ರೂಬಿ 3.4ರಲ್ಲಿ ಹ್ಯಾಷ್ (ಕೀ ಮತ್ತು ಮೌಲ್ಯಗಳ ಜೋಡಿ ಇಡುವ ವಸ್ತು) ಅನ್ನು ಇನ್‌ಸ್ಪೆಕ್ಟ್ ಮಾಡಿದಾಗ ಕಾಣುವ ರೂಪ ಬದಲಾಯಿತು. ಎರರ್ ಮೆಸೇಜ್‌ನಲ್ಲಿ ಮೆಥಡ್ ಹೆಸರಿನ ಮುಂದಿದ್ದ ಬ್ಯಾಕ್‌ಟಿಕ್ ಹೋಗಿ ಸಾಮಾನ್ಯ ಉದ್ಧರಣ ಚಿಹ್ನೆ ಬಂತು. ಮೆಸೇಜನ್ನು ಅಕ್ಷರಕ್ಕೆ ಅಕ್ಷರ ಹೋಲಿಸುವ ಟೆಸ್ಟ್‌ಗಳು ಆಗ ಸಾಲಾಗಿ ಬಿದ್ದವು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಹಸಿರು, ಆಫೀಸಿನ ಸಿಐನಲ್ಲಿ (ಟೆಸ್ಟ್‌ಗಳನ್ನು ತಾನಾಗೇ ಓಡಿಸುವ ಯಂತ್ರ) ಕೆಂಪು ಅಂದರೆ ಎರಡೂ ಕಡೆಯ ಆವೃತ್ತಿ ಹೋಲಿಸುವುದೇ ಮೊದಲ ಕೆಲಸ.

## ಹಂತ 5: ತಪ್ಪಿರುವುದು ಕೋಡಾ, ಟೆಸ್ಟಾ?

ಟೆಸ್ಟ್ ಕೂಡ ಮನುಷ್ಯರು ಬರೆದ ಕೋಡೇ ಅಲ್ವಾ? ಟೆಸ್ಟ್ ಹೇಳುವ ಉತ್ತರವನ್ನು ಕೈಯಲ್ಲಿ ಲೆಕ್ಕ ಹಾಕಿ ನೋಡಿ. ಬೇಕಾದದ್ದೇ ಬದಲಾಗಿದ್ದರೆ ಟೆಸ್ಟ್ ಬದಲಿಸುವುದು ನ್ಯಾಯ. ಆದರೆ ಕೋಡ್ ಏನು ಕೊಟ್ಟಿತೋ ಅದನ್ನೇ ಕಾಪಿ ಮಾಡಿ 'ಎಕ್ಸ್‌ಪೆಕ್ಟೆಡ್' ಜಾಗಕ್ಕೆ ಅಂಟಿಸುವ ಅಭ್ಯಾಸ ಬೇಡವೇ ಬೇಡ. ಆ ಕ್ಷಣದಿಂದ ಟೆಸ್ಟ್ ತಪ್ಪನ್ನು ಕಾಯುವ ಕಾವಲುಗಾರ ಆಗುತ್ತದೆ.

ಇಲ್ಲೇ ಎರಡು ವಿಷಯ ನೋಡಿಕೊಳ್ಳಿ. 'ಅಸರ್ಟ್_ಈಕ್ವಲ್' ಬರೆಯುವ ಕಡೆ ಬರೀ 'ಅಸರ್ಟ್' ಬರೆದು ಎರಡು ಮೌಲ್ಯ ಕೊಟ್ಟರೆ, ಎರಡನೆಯದು ಮೆಸೇಜ್ ಅಂತ ತಿಳಿದು, ಮೊದಲನೆಯದು ನಿಲ್ ಅಥವಾ ಫಾಲ್ಸ್ ಆಗದ ಹೊರತು ಮಿನಿಟೆಸ್ಟ್ ಹಸಿರೇ ತೋರಿಸುತ್ತದೆ. ಆರ್‌ಸ್ಪೆಕ್‌ನಲ್ಲಿ 'ಎಕ್ಸ್‌ಪೆಕ್ಟ್' ಬರೆದು 'ಟು' ಬಿಟ್ಟರೂ ಅಷ್ಟೇ, ಯಾವ ಪರೀಕ್ಷೆಯೂ ನಡೆಯುವುದಿಲ್ಲ. ಇನ್ನು ದುಡ್ಡಿನ ಲೆಕ್ಕ: 0.1ಕ್ಕೆ 0.2 ಕೂಡಿಸಿದರೆ ಫ್ಲೋಟ್‌ನಲ್ಲಿ 0.30000000000000004 ಬರುತ್ತದೆ. ಇದಕ್ಕೆ 'ಅಸರ್ಟ್_ಇನ್_ಡೆಲ್ಟಾ' ಅಥವಾ 'ಬಿ_ವಿದಿನ್' ಇದೆ. ದುಡ್ಡಾದರೆ ಪೈಸೆ ಲೆಕ್ಕದಲ್ಲಿ ಪೂರ್ಣಾಂಕ ಇಡುವುದು ಇನ್ನೂ ವಾಸಿ.

## ಹಂತ 6: ಒಳಗೆ ಇಣುಕಿ ನೋಡಿ

ಈಗ ಡಿಬಗರ್ ತೆಗೆಯಬಹುದು. ಅದಕ್ಕೂ ಮುಂಚೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ: "ಈ ಸಾಲಿನಲ್ಲಿ ಈ ವೇರಿಯಬಲ್ ಇಷ್ಟಿರಬೇಕು." ಬರೆದ ಮೇಲೆ ನೋಡಿ. ಊಹೆ ಬರೆಯದೆ ನೋಡಿದರೆ ಕಂಡದ್ದೆಲ್ಲ ಸರಿಯೇ ಅನ್ನಿಸುತ್ತದೆ. ಬರೆದಿದ್ದರೆ ಎಲ್ಲಿ ನಿಮ್ಮ ಊಹೆ ಮುರಿಯಿತೋ ಅಲ್ಲೇ ತಪ್ಪಿದೆ.

ಅತಿ ಸುಲಭದ ಉಪಾಯ 'ಪಿ'. 'ಪುಟ್ಸ್' ಬಳಸಬೇಡಿ. ಪುಟ್ಸ್‌ಗೆ ನಿಲ್ ಕೊಟ್ಟರೂ ಖಾಲಿ ಸಾಲು, ಖಾಲಿ ಸ್ಟ್ರಿಂಗ್ ಕೊಟ್ಟರೂ ಖಾಲಿ ಸಾಲು. ಸಂಖ್ಯೆ 5 ಮತ್ತು ಸ್ಟ್ರಿಂಗ್ "5" ಎರಡೂ ಒಂದೇ ಥರ ಕಾಣುತ್ತವೆ. ಪಿ ಇವನ್ನೆಲ್ಲ ಬೇರೆ ಬೇರೆಯಾಗಿ ತೋರಿಸುತ್ತದೆ. ಜೊತೆಗೆ ಕೊಟ್ಟದ್ದನ್ನೇ ವಾಪಸ್ ಕೊಡುವುದರಿಂದ ಸಾಲಿನ ಮಧ್ಯೆ ಸೇರಿಸಿದರೂ ಲೆಕ್ಕ ಕೆಡುವುದಿಲ್ಲ.

ಅಲ್ಲೇ ನಿಂತು ನಾಲ್ಕೈದು ಪ್ರಶ್ನೆ ಕೇಳಬೇಕಾದರೆ 'ಬೈಂಡಿಂಗ್.ಐಆರ್‌ಬಿ' ಬರೆಯಿರಿ. ಟೆಸ್ಟ್ ಆ ಸಾಲಿಗೆ ಬಂದು ನಿಲ್ಲುತ್ತದೆ, ನೀವು ಯಾವ ವೇರಿಯಬಲ್ ಬೇಕಾದರೂ ನೋಡಬಹುದು. ಸಾಲು ಸಾಲಾಗಿ ಮುಂದೆ ಹೋಗಬೇಕಾದರೆ ಡಿಬಗ್ ಜೆಮ್ ಸೇರಿಸಿ 'ಡಿಬಗರ್' ಅಂತ ಬರೆಯಿರಿ. 'ನೆಕ್ಸ್ಟ್' ಮುಂದಿನ ಸಾಲಿಗೆ, 'ಸ್ಟೆಪ್' ಮೆಥಡ್ ಒಳಕ್ಕೆ, 'ಫಿನಿಶ್' ಆ ಮೆಥಡ್‌ನಿಂದ ಹೊರಕ್ಕೆ, 'ಕಂಟಿನ್ಯೂ' ಓಟಕ್ಕೆ. ರೈಲ್ಸ್‌ನಲ್ಲಿ ಟೆಸ್ಟ್‌ಗಳು ಒಟ್ಟೊಟ್ಟಿಗೆ ಹಲವು ಪ್ರೊಸೆಸ್‌ನಲ್ಲಿ ಓಡುತ್ತಿದ್ದರೆ 'ಪ್ಯಾರಲಲ್_ವರ್ಕರ್ಸ್' ಅನ್ನು 1 ಮಾಡಿಕೊಳ್ಳಿ, ಇಲ್ಲದಿದ್ದರೆ ಡಿಬಗರ್ ಎಲ್ಲಿ ನಿಂತಿದೆ ಅಂತಲೇ ಗೊತ್ತಾಗುವುದಿಲ್ಲ.

### ಕೋರಮಂಗಲ ಸಿಗದೇ ಹೋದದ್ದು

ಇದನ್ನು ಹತ್ತಿರದಿಂದ ತೋರಿಸುತ್ತೇನೆ. ನಮ್ಮ ಭಾನುವಾರದ ಅಭ್ಯಾಸಕ್ಕೆ ಬಿಎಂಟಿಸಿ ಬಸ್ ಸ್ಟಾಪ್‌ಗಳ ಹೆಸರನ್ನು ಕನ್ನಡದಲ್ಲಿ ಹುಡುಕುವ ಒಂದು ಸಣ್ಣ ಪ್ರೋಗ್ರಾಂ ಮಾಡಿದ್ದೆವು. ಹೆಸರುಗಳು ಒಂದು ಸಿಎಸ್‌ವಿ ಫೈಲ್‌ನಲ್ಲಿದ್ದವು. "ಕೋರಮಂಗಲ" ಅಂತ ಹುಡುಕಿದರೆ 1 ಫಲಿತಾಂಶ ಬರಬೇಕು ಅಂತ ಟೆಸ್ಟ್. ಬಂದದ್ದು 0. ಜಯನಗರ ಸಿಗುತ್ತಿತ್ತು, ಮಲ್ಲೇಶ್ವರ ಸಿಗುತ್ತಿತ್ತು.

ಒಬ್ಬ ಹುಡುಗ ಎರಡು ಗಂಟೆ ಕೂತಿದ್ದ. ಮೊದಲು == ತೆಗೆದು 'ಇನ್‌ಕ್ಲೂಡ್' ಹಾಕಿದ. ಆಮೇಲೆ 'ಸ್ಟ್ರಿಪ್' ಹಾಕಿದ. ಆಮೇಲೆ 'ಡೌನ್‌ಕೇಸ್' ಕೂಡ. ಕನ್ನಡಕ್ಕೆ ದೊಡ್ಡಕ್ಷರ, ಚಿಕ್ಕಕ್ಷರ ಅಂತ ಇಲ್ಲವೇ ಇಲ್ಲ. ಆದರೂ ಕೈ ಸುಮ್ನೆ ಇರಲಿಲ್ಲ. ಯಾವುದೂ ಕೆಲಸ ಮಾಡಲಿಲ್ಲ.

ಅವನು ಸೇರಿಸಿದ್ದನ್ನೆಲ್ಲ ತೆಗೆಸಿ, ಹೋಲಿಕೆ ನಡೆಯುವ ಸಾಲಿನ ಮೇಲೆ ಬೈಂಡಿಂಗ್.ಐಆರ್‌ಬಿ ಹಾಕಿಸಿದೆ. ಎರಡೂ ಸ್ಟ್ರಿಂಗ್ ಪಿ ಮಾಡಿದ. ಪರದೆ ಮೇಲೆ ಎರಡೂ ಕೋರಮಂಗಲ, ಒಂದು ಚುಕ್ಕಿಯೂ ಹೆಚ್ಚು ಕಡಿಮೆ ಇಲ್ಲ. "ಉದ್ದ ಎಷ್ಟಿರಬೇಕು, ಮೊದಲು ಬರಿ" ಅಂದೆ. "ಎರಡೂ ಒಂದೇ ಅಲ್ವಾ ಅಕ್ಕಾ" ಅಂತ ಬರೆದ. 'ಲೆಂತ್' ಕೇಳಿದ. ಟೆಸ್ಟ್‌ನದು 7. ಫೈಲ್‌ನದು 9.

ಊಹೆ ಮುರಿದದ್ದು ಅಲ್ಲಿ. ನಂತರ 'ಕೋಡ್‌ಪಾಯಿಂಟ್ಸ್', ಅಂದರೆ ಪ್ರತಿ ತುಂಡಿಗೂ ಯುನಿಕೋಡ್ ಕೊಟ್ಟ ಸಂಖ್ಯೆ, ಕೇಳಿದೆವು. ಟೆಸ್ಟ್‌ನ ಹೆಸರು 3221, 3275, 3248 ಅಂತ ಶುರುವಾಗುತ್ತಿತ್ತು. ಫೈಲ್‌ನದು 3221, 3270, 3266, 3285, 3248. ಅಂದರೆ ಕ ಅಕ್ಷರ 3221, ರ ಅಕ್ಷರ 3248, ಅವೆರಡೂ ಸಮ. ನಡುವೆ ಇರುವ ಓಕಾರದ ಚಿಹ್ನೆ ಒಂದು ಕಡೆ ಒಂದೇ ತುಂಡು, ಇನ್ನೊಂದು ಕಡೆ ಮೂರು ತುಂಡು: ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಗುರುತು. ಯುನಿಕೋಡ್‌ನಲ್ಲಿ ಎರಡೂ ಒಪ್ಪಿತ ರೂಪಗಳೇ, ಓದುವವರಿಗೆ ಎರಡೂ ಒಂದೇ. ರೂಬಿಯ == ಮಾತ್ರ ಬೈಟ್ ನೋಡುತ್ತದೆ. ಜಯನಗರದಲ್ಲಿ ಹೀಗೆ ಒಡೆಯುವ ಚಿಹ್ನೆಯೇ ಇಲ್ಲ, ಅದಕ್ಕೇ ಅದು ಸಿಗುತ್ತಿತ್ತು. ಮಲ್ಲೇಶ್ವರದ ಏಕಾರ ಒಡೆಯುವಂಥದ್ದೇ, ಆದರೆ ಫೈಲ್‌ನಲ್ಲಿ ಆ ಸಾಲನ್ನು ಕೂಡಿದ ರೂಪದಲ್ಲೇ ಬರೆದಿದ್ದರು.

ಪರಿಹಾರ ಒಂದೇ ಸಾಲು: ಫೈಲ್ ಓದುವಾಗಲೇ 'ಯುನಿಕೋಡ್_ನಾರ್ಮಲೈಸ್' ಮಾಡುವುದು. ಏನೂ ಹೇಳದಿದ್ದರೆ ಅದು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಕೂಡಿದ ರೂಪಕ್ಕೆ ತರುತ್ತದೆ. ಹುಡುಕುವವರು ಟೈಪ್ ಮಾಡಿದ್ದಕ್ಕೂ ಅದನ್ನೇ ಮಾಡಬೇಕು.

ಕನ್ನಡ ಡೇಟಾ ಇಟ್ಟುಕೊಂಡು ಕೆಲಸ ಮಾಡುವವರಿಗೆ ಇದೇ ಜಾತಿಯ ಇನ್ನೂ ಕೆಲವು ಕಾಟಗಳಿವೆ. "4ನೇ ಬ್ಲಾಕ್" ಅನ್ನುವಾಗ ಕೊನೆಯ ಅರ್ಧಾಕ್ಷರದ ಮುಂದೆ ಕಣ್ಣಿಗೆ ಕಾಣದ ಒಂದು ಅಕ್ಷರ, 8204, ಸೇರಿಕೊಂಡಿರಬಹುದು. ಕೆಲವು ಕೀಬೋರ್ಡ್‌ಗಳಲ್ಲಿ ಅದು ತಾನಾಗೇ ಬರುತ್ತದೆ. ಸ್ಟ್ರಿಪ್ ಅದನ್ನು ತೆಗೆಯುವುದಿಲ್ಲ, ನಾರ್ಮಲೈಸ್ ಕೂಡ ತೆಗೆಯುವುದಿಲ್ಲ. ಪದದ ಕೊನೆಯಲ್ಲಿ ಇದ್ದದ್ದನ್ನು ನೀವೇ ಅಳಿಸಬೇಕು. ಪದದ ಮಧ್ಯದಲ್ಲಿ ಇದ್ದದ್ದನ್ನು ಮುಟ್ಟಬೇಡಿ, "ಟೌನ್‌ಹಾಲ್" ಒತ್ತಕ್ಷರವಾಗಿ ಬದಲಾಗಿಬಿಡುತ್ತದೆ. "೪" ಎಂಬ ಕನ್ನಡ ಅಂಕಿಗೆ 'ಟು_ಐ' ಮಾಡಿದರೆ 0 ಬರುತ್ತದೆ. ಸಿಎಸ್‌ವಿಯ ಮೊದಲ ಕಾಲಂ ಮಾತ್ರ ಯಾವಾಗಲೂ ನಿಲ್ ಅಂದರೆ ಫೈಲ್‌ನ ತಲೆಯಲ್ಲಿ 'ಬಿಒಎಂ' ಎಂಬ ಕಣ್ಣಿಗೆ ಕಾಣದ ಗುರುತು ಕೂತಿದೆಯಾ ನೋಡಿ. ಇವೆಲ್ಲಕ್ಕೂ ಉದ್ದ ಮತ್ತು ಕೋಡ್‌ಪಾಯಿಂಟ್ ನೋಡುವುದೊಂದೇ ದಾರಿ. ಕಣ್ಣನ್ನು ನಂಬಬೇಡಿ.

## ಹಂತ 7: ಒಂಟಿಯಾಗಿ ಹಸಿರು, ಗುಂಪಿನಲ್ಲಿ ಕೆಂಪು

ಮಿನಿಟೆಸ್ಟ್ ಪ್ರತಿ ಸಲ ಟೆಸ್ಟ್‌ಗಳ ಸರದಿ ಕಲಸುತ್ತದೆ. ಯಾವ ಸರದಿ ಅನ್ನುವುದು 'ಸೀಡ್' ಎಂಬ ಸಂಖ್ಯೆಯಲ್ಲಿ ಇರುತ್ತದೆ, ಔಟ್‌ಪುಟ್‌ನಲ್ಲೇ ಅಚ್ಚಾಗಿರುತ್ತದೆ. ಆರ್‌ಸ್ಪೆಕ್‌ನಲ್ಲಿ ಸರದಿ ಕಲಸಬೇಕು ಅಂತ ಸೆಟ್ಟಿಂಗ್ ಹಾಕಿದ್ದರೆ ಮಾತ್ರ ಹೀಗೆ. ಫೇಲ್ ಆದ ಓಟದ ಸೀಡನ್ನು ಟರ್ಮಿನಲ್ ಮುಚ್ಚುವ ಮೊದಲು ಬರೆದುಕೊಳ್ಳಿ. ಆಮೇಲೆ '--ಸೀಡ್ 41523' ಅಂತ ನಿಮ್ಮ ಸಂಖ್ಯೆ ಕೊಟ್ಟು ಓಡಿಸಿದರೆ ಅದೇ ಸರದಿ, ಅದೇ ಕೆಂಪು ಮತ್ತೆ ಬರುತ್ತದೆ. ಸೀಡ್ ಬರೆದುಕೊಳ್ಳದೆ ಮತ್ತೆ ಓಡಿಸಿ, ಹಸಿರು ಕಂಡು ಎದ್ದುಹೋದವರ ಟೆಸ್ಟ್ ಶುಕ್ರವಾರ ಸಂಜೆ ಮತ್ತೆ ಕೆಂಪಾಗುತ್ತದೆ.

ಕೆಡಿಸುತ್ತಿರುವ ಟೆಸ್ಟ್ ಯಾವುದು ಅಂತ ಹುಡುಕಲು ಆರ್‌ಸ್ಪೆಕ್‌ಗೆ ಅದೇ ಸೀಡ್ ಜೊತೆ '--ಬೈಸೆಕ್ಟ್' ಕೊಡಿ. ಅದು ಗುಂಪನ್ನು ಒಡೆಯುತ್ತಾ ಹೋಗಿ, ತಪ್ಪು ಮತ್ತೆ ಬರಲು ಬೇಕಾದ ಅತಿ ಚಿಕ್ಕ ಗುಂಪು ಕೊಡುತ್ತದೆ. ಮಿನಿಟೆಸ್ಟ್‌ಗೆ 'ಮಿನಿಟೆಸ್ಟ್-ಬೈಸೆಕ್ಟ್' ಎಂಬ ಜೆಮ್ ಇದೆ.

ಎರಡು ಟೆಸ್ಟ್ ಕೈಗೆ ಸಿಕ್ಕ ಮೇಲೆ ಅವೆರಡೂ ಹಂಚಿಕೊಂಡಿರುವುದು ಏನು ಅಂತ ನೋಡಿ. ಸಾಮಾನ್ಯವಾಗಿ ಸಿಗುವವರು ಇವರೇ: ಎರಡು @ ಚಿಹ್ನೆಯ ಕ್ಲಾಸ್ ವೇರಿಯಬಲ್. ಕ್ಲಾಸ್ ಮಟ್ಟದಲ್ಲಿ ||= ಹಾಕಿ ಒಮ್ಮೆ ಲೆಕ್ಕ ಮಾಡಿ ಇಟ್ಟುಕೊಂಡದ್ದು. ಬದಲಿಸಿ ವಾಪಸ್ ಇಡದ 'ಎನ್ವ್' (ಪ್ರೋಗ್ರಾಂಗೆ ಹೊರಗಿನಿಂದ ಸಿಗುವ ಸೆಟ್ಟಿಂಗ್) ಮೌಲ್ಯ. ಆರ್‌ಸ್ಪೆಕ್‌ನ 'ಬಿಫೋರ್ ಆಲ್'ನಲ್ಲಿ ಡೇಟಾಬೇಸ್‌ಗೆ ಹಾಕಿದ ಸಾಲು. ಮತ್ತೆ ಕಾನ್‌ಸ್ಟಂಟ್. ರೂಬಿಯಲ್ಲಿ ಕಾನ್‌ಸ್ಟಂಟ್ ಹೆಸರಿಗೆ ಮಾತ್ರ ಸ್ಥಿರ, ಒಳಗಿನ ಅರೇಗೆ << ಹಾಕಿ ಇನ್ನೊಂದು ಸ್ಟಾಪ್ ಸೇರಿಸಿದರೆ ಯಾರೂ ತಡೆಯುವುದಿಲ್ಲ. ಮುಂದಿನ ಟೆಸ್ಟ್‌ಗೆ 12ರ ಬದಲು 13 ಸ್ಟಾಪ್ ಸಿಗುತ್ತದೆ.

ನನಗೆ ಅತಿ ಹೆಚ್ಚು ಸಮಯ ಉಳಿಸಿದ ಉಪಾಯ ಇದು. ಅನುಮಾನ ಇರುವ ಅರೇ ಅಥವಾ ಹ್ಯಾಷ್ ಹುಟ್ಟುವ ಕಡೆ 'ಫ್ರೀಜ್' ಹಾಕಿ ಎಲ್ಲ ಟೆಸ್ಟ್ ಓಡಿಸಿ. ಯಾರು ಅದನ್ನು ಬದಲಿಸಲು ಹೋಗುತ್ತಾರೋ ಅವರ ಮೇಲೆ 'ಫ್ರೋಜನ್‌ಎರರ್' ಬೀಳುತ್ತದೆ, ಬ್ಯಾಕ್‌ಟ್ರೇಸ್ ಆ ಸಾಲಿಗೇ ಕರೆದುಕೊಂಡು ಹೋಗುತ್ತದೆ. ಕಳ್ಳನ ಹಿಂದೆ ಓಡಬೇಕಿಲ್ಲ, ಅವನೇ ಬಂದು ಸಿಕ್ಕಿಬೀಳುತ್ತಾನೆ. ಫ್ರೀಜ್ ಹೊರಗಿನ ಡಬ್ಬಿಯನ್ನು ಮಾತ್ರ ಕಾಯುತ್ತದೆ, ಒಳಗಿನ ಸ್ಟ್ರಿಂಗ್‌ಗಳನ್ನಲ್ಲ. ಅವಕ್ಕೆ ಬೇರೆಯಾಗಿ ಫ್ರೀಜ್ ಮಾಡಬೇಕು.

'ಹ್ಯಾಷ್.ನ್ಯೂ'ಗೆ ಖಾಲಿ ಅರೇಯನ್ನು ನೇರವಾಗಿ ಕೊಟ್ಟಿದ್ದೀರಾ ಅಂತಲೂ ನೋಡಿ. ಎಲ್ಲ ಕೀಗಳಿಗೂ ಆ ಒಂದೇ ಅರೇ ಸಿಗುತ್ತದೆ. ಅರೇಯನ್ನು ಬ್ಲಾಕ್ ಒಳಗೆ ಹುಟ್ಟಿಸಿ, ಅದೇ ಬ್ಲಾಕ್‌ನಲ್ಲಿ ಕೀಗೆ ಸೇರಿಸಿ.

## ಹಂತ 8: ಗಡಿಯಾರ ನೋಡಿ ಫೇಲ್ ಆಗುವ ಟೆಸ್ಟ್

ಬೆಂಗಳೂರಿನಲ್ಲಿ ಕೂತು ಕೋಡ್ ಬರೆಯುವವರಿಗೆ ಇದು ವಿಶೇಷವಾಗಿ ಕಾಡುತ್ತದೆ. ನಮ್ಮ ಸಮಯ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ರಾತ್ರಿ 12ರಿಂದ ಬೆಳಗಿನ ಜಾವ 5:30ರ ತನಕ ಇಲ್ಲಿ ಹೊಸ ದಿನ, ಯುಟಿಸಿಯಲ್ಲಿ ಇನ್ನೂ ನಿನ್ನೆ.

ದಿನದ ಬಸ್ ಪಾಸ್ ಇವತ್ತಿಗೆ ನಡೆಯುತ್ತದಾ ಅಂತ ನೋಡುವ ಟೆಸ್ಟ್ ಇದೆ ಅಂದುಕೊಳ್ಳಿ. ಕೋಡ್ ಯುಟಿಸಿಯ ತಾರೀಖು ತೆಗೆದುಕೊಳ್ಳುತ್ತದೆ, ಟೆಸ್ಟ್ 'ಡೇಟ್.ಟುಡೇ' ಬಳಸುತ್ತದೆ. ಹಗಲಿಡೀ ಹಸಿರು. ರಾತ್ರಿ 12:40ಕ್ಕೆ ಓಡಿಸಿದವರಿಗೆ ಕೆಂಪು. ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಹಸಿರು. ಯುಟಿಸಿಯಲ್ಲಿ ಓಡುವ ಸಿಐ ಯಂತ್ರದಲ್ಲಿ ಎರಡೂ ಒಂದೇ ತಾರೀಖು ಆದ್ದರಿಂದ ಅಲ್ಲಿ ಕೆಂಪು ಬರುವುದೇ ಇಲ್ಲ.

ರಾತ್ರಿ ತನಕ ಕಾಯಬೇಡಿ. ಸಮಯವನ್ನು ನೀವೇ ನಿಲ್ಲಿಸಿ. ರೈಲ್ಸ್ ಇದ್ದರೆ 'ಟ್ರಾವೆಲ್_ಟು', ಇಲ್ಲದಿದ್ದರೆ 'ಟೈಮ್‌ಕಾಪ್' ಜೆಮ್. ರಾತ್ರಿ 12:40 ಅಂತ ಕೊಟ್ಟು ಓಡಿಸಿ. ಅದಕ್ಕಿಂತ ಒಳ್ಳೆಯದು ಸಮಯವನ್ನು ಮೆಥಡ್‌ಗೆ ಒಂದು ಆರ್ಗ್ಯುಮೆಂಟ್ ಆಗಿ ಕೊಡುವುದು. ಯಂತ್ರದ ಸಮಯವಲಯವೇ ಕಾರಣವಾ ಅಂತ ನೋಡಲು ಕಮಾಂಡ್‌ನ ಮುಂದೆ 'ಟಿಝಡ್' ಅನ್ನು ಒಮ್ಮೆ ಯುಟಿಸಿಗೆ, ಒಮ್ಮೆ 'ಏಷ್ಯಾ/ಕೋಲ್ಕತಾ'ಗೆ ಇಟ್ಟು ಎರಡು ಸಲ ಓಡಿಸಿ. ರೈಲ್ಸ್‌ನಲ್ಲಿ ಡೇಟ್.ಟುಡೇ ಬಿಟ್ಟು 'ಡೇಟ್.ಕರೆಂಟ್' ಬಳಸುವುದು ರೂಢಿ ಮಾಡಿಕೊಳ್ಳಿ. ಅದು ಆ್ಯಪ್‌ಗೆ ಹೇಳಿದ ಸಮಯವಲಯ ನೋಡುತ್ತದೆ, ಯಂತ್ರದ್ದನ್ನಲ್ಲ.

ಟೆಸ್ಟ್ ಒಳಗೆ 'ಸ್ಲೀಪ್' ಸೇರಿಸಿದ ಕೂಡಲೇ ಹಸಿರಾಯಿತು ಅಂದರೆ ಸರಿಹೋಯಿತು ಅಂತ ಅಲ್ಲ, ತಪ್ಪು ನಿದ್ದೆ ಹೋಗಿದೆ ಅಷ್ಟೇ.

## ಹಂತ 9: ಸರಿಮಾಡಿ, ಆಮೇಲೆ ಬೇಕಂತಲೇ ಮತ್ತೆ ಕೆಡಿಸಿ

ಕಾರಣ ಒಂದೇ ವಾಕ್ಯದಲ್ಲಿ ಹೇಳಲು ಬಂದ ಮೇಲೆ ಕೋಡ್ ಮುಟ್ಟಿ. ಒಂದು ಬದಲಾವಣೆ, ಒಂದು ರನ್. ಹಸಿರಾಗದಿದ್ದರೆ ಆ ಬದಲಾವಣೆ ವಾಪಸ್ ತೆಗೆದು ಮುಂದಿನದು. ಅದರ ಮೇಲೇ ಇನ್ನೊಂದು ಹೇರಬೇಡಿ.

ಹಸಿರಾದ ಮೇಲೆ ಸರಿಮಾಡಿದ ಸಾಲನ್ನು ಕಾಮೆಂಟ್ ಮಾಡಿ ಮತ್ತೆ ಓಡಿಸಿ. ಮೊದಲಿನ ಅದೇ ಮೆಸೇಜ್‌ನೊಂದಿಗೆ ಕೆಂಪಾಗಬೇಕು. ಹಸಿರಾಗೇ ಉಳಿದರೆ ಸರಿಮಾಡಿದ್ದು ನೀವಲ್ಲ, ಬೇರೇನೋ ಬದಲಾಗಿದೆ. ಹಂತ 3ಕ್ಕೆ ವಾಪಸ್ ಹೋಗಿ. ಈ ಅರ್ಧ ನಿಮಿಷದ ಕೆಲಸವನ್ನು ಹತ್ತರಲ್ಲಿ ಒಬ್ಬರೂ ಮಾಡುವುದಿಲ್ಲ ಅನ್ನುವುದು ನನ್ನ ಬೇಸರ.

ಸಾಲನ್ನು ವಾಪಸ್ ತಂದು ಎಲ್ಲ ಟೆಸ್ಟ್ ಓಡಿಸಿ. ಸರದಿಯ ತಪ್ಪಾಗಿದ್ದರೆ ಹಳೆಯ ಸೀಡ್‌ನಲ್ಲಿ ಒಮ್ಮೆ, ಹೊಸ ಸೀಡ್‌ಗಳಲ್ಲಿ ನಾಲ್ಕೈದು ಸಲ.

ಕಮಿಟ್ ಮಾಡುವ ಮುಂಚೆ ಗಿಟ್ ಡಿಫ್ ಇನ್ನೊಮ್ಮೆ ನೋಡಿ. ಬೈಂಡಿಂಗ್.ಐಆರ್‌ಬಿ ಉಳಿದಿದೆಯಾ, ಡಿಬಗರ್ ಉಳಿದಿದೆಯಾ, ಪಿ ಉಳಿದಿದೆಯಾ, 'ಫೋಕಸ್' (ಇದೊಂದನ್ನೇ ಓಡಿಸು) ಅಥವಾ 'ಸ್ಕಿಪ್' (ಇದನ್ನು ಬಿಡು) ಉಳಿದಿದೆಯಾ? ಡಿಬಗರ್ ಬಿಟ್ಟರೆ ಸಿಐ ಅಲ್ಲೇ ನಿಂತುಬಿಡಬಹುದು. ಫೋಕಸ್ ಬಿಟ್ಟರೆ ಅದೊಂದೇ ಓಡಿ ಉಳಿದದ್ದು ಓಡದೆ ಹೋಗಬಹುದು. ನಿಲ್ಲುವುದಾದರೂ ಕಣ್ಣಿಗೆ ಬೀಳುತ್ತದೆ, ಓಡದೇ ಇರುವುದು ಬೀಳುವುದಿಲ್ಲ.

ಕಮಿಟ್ ಮೆಸೇಜ್‌ನಲ್ಲಿ "ಟೆಸ್ಟ್ ಸರಿಮಾಡಿದೆ" ಅಂತ ಬರೆಯಬೇಡಿ, ಕಾರಣ ಬರೆಯಿರಿ. ಆ ಹುಡುಗ ಬರೆದದ್ದು ಹೀಗಿತ್ತು: "ಸ್ಟಾಪ್ ಹೆಸರುಗಳನ್ನು ಓದುವಾಗಲೇ ಎನ್‌ಎಫ್‌ಸಿಗೆ ತರುತ್ತಿದ್ದೇವೆ. ಸಿಎಸ್‌ವಿಯಲ್ಲಿ ಕೋ ಅಕ್ಷರ ಬಿಡಿಸಿದ ರೂಪದಲ್ಲಿತ್ತು, 7ರ ಬದಲು 9 ಕೋಡ್‌ಪಾಯಿಂಟ್."